ಫ್ಯಾಕ್ಟ್ರಿ ಬೆಲ್ಲ

ಬಿಡೇ, ಬಿಡು ಅಂದ್ನಲ್ಲ ಗಿರಿಜಾ! ಬಕೆಟ್ ಇಲ್ಲಿ ಕೊಡು. ಇವತ್ತಿಂದ ಬಟ್ಟೆ ನಾನೇ ಒಗೀತೀನಿ. ಯಾಕೆ ನಗ್ತೀಯಾ? ಮದ್ವೆಯಾಗಿ ಮೂವತ್ತೊಂದು ವರ್ಷ ಒಂದು ಕರ್ಚೀಫೂ ಹಿಂಡಿಲ್ಲ, ನಿಜ. ಈಗ ಹಿಂಡ್ತೀನಿ! ಈ ಪಂಚಾಕ್ಷರಿ ರಿಟೈರಾಗಿರೋದು ಫ್ಯಾಕ್ಟ್ರಿಯಿಂದ, ಸಂಸಾರದಿಂದಲ್ಲ.

ಏನು? ನಾನು ಬಗ್ಗಿದ್ರೆ ಬೆನ್ನಲ್ಲಿ ಚರಚರ ಅನ್ನುತ್ತಾ? ಮೂಳೆ ಕಣೇ, ಮೂಳೆ! ವಯಸ್ಸಾಯ್ತಲ್ಲ...

ಅಯ್ಯೋ, ಮೆಲ್ಲಗೆ ನಗು... ನೋಡು, ಕೆಮ್ಮು ಬಂತು. ಕೂತ್ಕೋ. ತಗೋ, ಈ ಬೆಲ್ಲ ಬಾಯಿಗೆ ಹಾಕ್ಕೋ. ಯಾಕೆ ಅಂತೀಯಾ? ಶೀಟ್ ಫ್ಯಾಕ್ಟ್ರೀಲಿ ಶಿಫ್ಟ್ ಮುಗಿದ್ಮೇಲೆ ಆಳಿಗೊಂದು ಅಚ್ಚು ಬೆಲ್ಲ ಕೊಡ್ತಿರ್ಲಿಲ್ವಾ? 'ಆಸ್ಬೆಸ್ಟಾಸ್ ಧೂಳೆಲ್ಲ ಕೆಳಗಿಳಿಯುತ್ತೆ, ತಿನ್ರೋ' ಅಂತ. ನಾನೆಲ್ಲಿ ತಿಂದೆ? ಜೇಬಲ್ಲಿಟ್ಕೊಂಡು ಮನೆಗೆ ತಂದೆ. ನೀನು ಒಬ್ಬಟ್ಟು ಮಾಡಿ ನಮ್ಮ ಲಗ್ಗೆರೆ ಬೀದಿಗೆಲ್ಲ ಹಂಚ್ದೆ. ಪಕ್ಕದ್ಮನೆ ಅಂಜನಮ್ಮನ ಎದೆಗೂಡು ಈಗ ಪಳಪಳ ಅಂತಿರ್ಬೇಕು!

ಡಾಕ್ಟ್ರಾ? ಹೂಂ, ಇಬ್ರ ಎಕ್ಸ್‌ರೇನೂ ನೋಡಿದ್ರು. ನಂದು ನೋಡಿ ಬೆರಗಾಗ್ಬಿಟ್ರು! 'ಇಪ್ಪತ್ತೆಂಟು ವರ್ಷ ಆಸ್ಬೆಸ್ಟಾಸ್ ಮೂಟೆ ಬಿಚ್ಚಿ ಸುರಿದೋರು, ಇಷ್ಟು ಕ್ಲೀನಾ?' ಅಂತ. ಬೆಲ್ಲದ ಮಹಿಮೆ ಸಾರ್ ಅಂದೆ. ಬೆಲ್ಲದಿಂದ ಏನೂ ಆಗಲ್ಲ ಕಣ್ರೀ ಅಂದ್ರು. ಅವ್ರಿಗೇನು ಗೊತ್ತು? ನೀನು ತಿನ್ನು.

ನಿಂದಾ? ನಿಂದು... ಇನ್ನೂ ಬಂದಿಲ್ಲ. ಮೆಷಿನ್ ಕೆಟ್ಟಿದೆಯಂತೆ. ಇಬ್ರದೂ ನೋಡಿದ್ರು ಅಂದ್ನಾ? ಅಂದಿರ್ತೀನಿ, ಬಾಯಿ ತಪ್ಪುತ್ತೆ. ಡಾಕ್ಟ್ರು ಒಂದೇ ಒಂದು ಕೇಳಿದ್ರು, 'ಮನೇಲಿ ನಿಮ್ಮ ಯೂನಿಫಾರಂ ಯಾರು ಒಗೀತಿದ್ರು?' ನಾನು ಜಂಬವಾಗೇ ಹೇಳ್ದೆ. ನಮ್ಮೋಳೇ ಸಾರ್! ದಿನಾ ನೆನೆಹಾಕೋಕ್ಮುಂಚೆ ಒಗೆಯೋ ಕಲ್ಲತ್ರ ನಿಂತ್ಕೊಂಡು ಪಟಪಟ ಕೊಡವ್ತಿದ್ಲು. ಮುಖ, ತಲೆಕೂದ್ಲು ಎಲ್ಲಾ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಬಂದೋಳ ಥರ! ಅಂತ ನಾನೇ ನಕ್ಕೆ. ಅವ್ರು ನಗ್ಲಿಲ್ಲ. ಪೆನ್ನು ಕೆಳಗಿಟ್ರು...

ಯಾಕೆ ನನ್ನ ಬೆನ್ನನ್ನೇ ನೋಡ್ತೀಯಾ? ನಗೇ. ಈಗ ತಾನೆ ಅಷ್ಟು ನಗ್ತಿದ್ದೆ...

ಏ, ಕೈ ತೆಗಿ! ಅಂಗಿ ಎಳೀಬೇಡ. ಏನಿಲ್ಲ ಒಳಗೆ, ಬನೀನು... ಗಿರಿಜಾ, ಆ ಎಕ್ಸ್‌ರೇ ಕವರ್ ಕೊಡು. ಕನ್ನಡಕ ಇಲ್ದೆ ನಿನಗೆ ಕಾಣಲ್ಲ, ಕೊಡೇ...

ಹೂಂ. ನಿನ್ನ ಹೆಸ್ರೇ.

ಬೈಯೇ, ನನ್ನ ಬೈಯೇ. ಬೆಲ್ಲದ ಜೊತೆ ಆ ಧೂಳನ್ನೂ ನಾನೇ ಮನೆಗೆ ತಂದೆ ಕಣೇ.