ಮೊಲಕ್ಕೆ ಬೇಯಿಸಿ ಹಾಕಿದ ಕ್ಯಾರೆಟ್

"ಹಲ್ಲು ಕೆನ್ನೆಗೆ ಚುಚ್ಚೋವರೆಗೂ ಬೆಳೆಯುತ್ತಾ?"

ಮಡಿಲಲ್ಲಿ ಮೊಲದ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಯಾರನ್ನೂ ನೋಡದೆ ಕೇಳಿದಳು. ಪ್ರಾಣಿಗಳ ಆಸ್ಪತ್ರೆಯ ಅದೇ ಬೆಂಚಿನಲ್ಲಿ ಬೆಕ್ಕಿನೊಂದಿಗೆ ಕುಳಿತಿದ್ದ ಅಜ್ಜಿಯ ಬಾಯಲ್ಲಿ ಸಣ್ಣಗೆ ನಡೆಯುತ್ತಿದ್ದ ಪದ್ಯ ಅಲ್ಲಿಗೇ ನಿಂತಿತು.

ಕಾಂಪೌಂಡರ್ ಬಂದು ಮೊಲದ ಬಾಯಿ ಬಿಡಿಸಿ ನೋಡಿದ. "ಏನು ತಿನ್ನಿಸ್ತೀರಮ್ಮ?"

"ಕ್ಯಾರೆಟ್. ಇವರೇ ಬೇಯಿಸಿ, ಮೆತ್ತಗೆ ಹಿಸುಕಿ ಕೊಡ್ತಾರೆ."

"ಗಟ್ಟಿಯದು ಗಂಟಲಿಗೆ ಸಿಕ್ಕಿಕೊಂಡ್ರೆ?" ಎಂದ ಪಕ್ಕದಲ್ಲಿದ್ದ ಗಂಡ.

"ಮೊಲಕ್ಕೂ ಅಡುಗೆಭಟ್ಟರಾ ಸಾರ್! ಈ ಅಜ್ಜಿಯ ಬೆಕ್ಕಿನ ದವಡೆ ಕತ್ತರಿ ಇದ್ದ ಹಾಗೆ, ಮೇಲೆ ಕೆಳಗೆ ಅಷ್ಟೆ. ಮಾಂಸ ತುಂಡು ಮಾಡಿ ನುಂಗುತ್ತೆ. ಮೊಲದ್ದು ಬೀಸೋ ಕಲ್ಲು. ಅಡ್ಡಡ್ಡ ಆಡಿಸಿ ಹುಲ್ಲು ಅರೆದ್ರೇನೇ ಹಲ್ಲು ಸವೆಯೋದು. ಇವತ್ತು ಕತ್ತರಿಸ್ತೀವಿ. ಮತ್ತೆ ಮೆತ್ತಗಿನದೇ ಹಾಕಿದ್ರೆ ಇದು ಉಳಿಯಲ್ಲ."

ಕಾಂಪೌಂಡರ್ ಒಳಗೆ ಹೋದ.

"ಹಾಗಾದ್ರೆ ದಿನಾ ಸಂಜೆ ಮೈದಾನಕ್ಕೆ ಕರ್ಕೊಂಡು ಹೋಗ್ತೀನಿ," ಎಂದಳು ಹೆಂಡತಿ.

"ನೀನ್ಯಾಕೆ? ಹುಲ್ಲು ನಾನೇ ತಂದು ಹಾಕ್ತೀನಿ. ನಿನಗೇನು ಕಡಿಮೆ ಮಾಡಿದೀನಿ? ಸೂಜಿ ದಾರ ಕೂಡ ಮನೆ ಬಾಗಿಲಿಗೇ ಬರುತ್ತೆ."

"ನಾನೊಂದು ಅಂಗಡಿ ಮೆಟ್ಟಿಲು ಹತ್ತಿ ಮೂರು ವರ್ಷ ಆಯ್ತು."

"ಬಿಸಿಲು, ನಾಯಿ, ಜನ. ಆ ಕಷ್ಟ ನಿನಗ್ಯಾಕೆ?"

"ಕಷ್ಟ ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ ರೀ."

ಅಜ್ಜಿ ಕಣ್ಣು ಮುಚ್ಚಿಕೊಂಡಳು. ಕಿವಿ ಮಾತ್ರ ಮುಚ್ಚಲಾಗಲಿಲ್ಲ.

ಒಳಗಿನಿಂದ ಡಾಕ್ಟರು ಕರೆದರು. ಗಂಡ ಎದ್ದು ಎರಡೂ ಕೈ ಚಾಚಿದ.

"ಬುಟ್ಟಿ ಕೊಡು. ನೀನು ಇಲ್ಲೇ ಕೂತಿರು."

ಅವಳು ಬುಟ್ಟಿಯನ್ನು ಎದೆಗವಚಿಕೊಂಡು ಎದ್ದಳು.

"ಕೊಡಲ್ಲ."