ಕುರ್ಚಿ ಕೆಳಗಿನ ಸಂಸಾರ

…ಸೋತ್ಯಾ ಅತ್ತೆ? ಒಗಟು ಇನ್ನೊಂದ್ಸಲ ಹೇಳ್ತೀನಿ, ಸರಿಯಾಗಿ ಕೇಳಿಸ್ಕೋ. ಮೇಲೊಬ್ಬ ಮಲಗಿದಾನೆ, ಕೆಳಗೆ ನೂರು ಜನ ಮಲಗಿದಾರೆ. ಅವನಿಗೆ ಇವರ ಸುದ್ದಿ ಗೊತ್ತಿಲ್ಲ, ಇವರಿಗೆ ಅವನ ಹೊಟ್ಟೆಯ ಭಾರ ಗೊತ್ತಿಲ್ಲ. ಎಲ್ಲಿ, ಹೇಳು? …ಸ್ಮಶಾನ ಅಲ್ಲ! ಥೂ, ಬೆಳಬೆಳಿಗ್ಗೆ ಎಂಥಾ ಮಾತು!

ಇರಲಿ, ಚಹಾ ಕುಡಿ, ಆರಿಹೋಗುತ್ತೆ. ಕಾಲು ಕೆಳಗಿಳಿಸಬೇಡ. ಡಾಕ್ಟರು ಪ್ಲಾಸ್ಟರ್ ಹಾಕಿದ್ದು ನೀನು ಕಡಲ ದಂಡೆಗೆ ಓಡಲಿ ಅಂತಲ್ಲ. ನಿನ್ನ ಬದಲಿಗೆ ನಾನಿದೀನಲ್ಲ, ನಿನ್ನಣ್ಣನ ಮಗ ತುಫಾನ್, ಆಮೆಗಳ ಹೊಸ ಕಾವಲುಗಾರ! …ಯಾಕೆ ನಗ್ತೀಯ? ಏಳನೇ ಕ್ಲಾಸು ದಾಟದಿದ್ರೇನು, ಆಮೆಯ ಹೆಜ್ಜೆ ಓದೋಕೆ ಸರ್ಟಿಫಿಕೇಟ್ ಬೇಕಾ?

ಆದ್ರೆ ಅತ್ತೆ, ನನಗೆ ತಲೆ ಕೆಟ್ಟುಹೋಗಿದೆ. ಆ ಹೊಸ ಬೀಚ್ ಕ್ಲಬ್ಬಿನ ಓರ್ಹುನ್ ಇದಾನಲ್ಲ, ಬಿಳಿ ಪ್ಯಾಂಟಿನವನು… ದಿನಾ ಒಂದು ಸಾಲು ಮಲಗೋ ಕುರ್ಚಿ ನೀರಿನ ಕಡೆ ಮುಂದಕ್ಕೆ! ದಿನಾ! ಹೀಗೇ ಬಿಟ್ರೆ ಸಮುದ್ರದೊಳಗೂ ಹಾಕ್ತಾನೆ, ಮೀನುಗಳಿಗೂ ಆಯ್ರಾನ್ ಮಜ್ಜಿಗೆ ಮಾರ್ತಾನೆ. 'ಅಣ್ಣಾ, ಇದು ಆಮೆ ಮೊಟ್ಟೆ ಇಡೋ ಜಾಗ' ಅಂದೆ. 'ಹೌದಾ? ಆಮೆ ಬುಕಿಂಗ್ ಮಾಡಿಸಿದೆಯಾ?' ಅಂದ. ಸುತ್ತ ಇದ್ದವರೆಲ್ಲ ಗೊಳ್ ಅಂತ ನಕ್ರು. ತಮಾಷೆ ನನ್ನ ಕಸುಬು ಅತ್ತೆ, ಅದನ್ನೂ ಕಿತ್ಕೊಂಡ! ಅಂತಾಲ್ಯ ಪಟ್ಟಣಕ್ಕೆ, ವನ್ಯಜೀವಿ ಇಲಾಖೆಯ ನೆಜ್ದೆತ್ ಸಾಹೇಬರಿಗೆ ಫೋನ್ ಮಾಡಿದ್ರೆ, 'ಗೂಡು ಎಲ್ಲಿದೆ, ಹೆಜ್ಜೆ ಎಲ್ಲಿದೆ, ತೋರಿಸು, ಬರ್ತೀನಿ' ಅಂತಾರೆ.

ಸರಿ, ತೋರಿಸೋಣ ಅಂದ್ಕೊಂಡೆ. …ಹೇಗೆ ಅಂದ್ರೆ… ಬೈಬಾರದು ನೀನು. ಅಪ್ಪನ ಹಳೇ ಟ್ರ್ಯಾಕ್ಟರ್ ಟೈರು ಇತ್ತಲ್ಲ? ನಿನ್ನೆ ಸಂಜೆ ಅದನ್ನ ನೀರಿನಿಂದ ಓರ್ಹುನ್ ಕುರ್ಚಿತನಕ ಉರುಳಿಸಿದೆ, ವಾಪಸ್ ಉರುಳಿಸಿದೆ, 'ಹೆಜ್ಜೆ ಸಿಕ್ತು, ಬನ್ನಿ' ಅಂತ ಸಾಹೇಬರಿಗೆ ಫೋನೂ ಮಾಡಿದೆ. ಆಹಾ, ಎಂಥಾ ಆಮೆ! ಲಾರಿಯಷ್ಟು ದಪ್ಪದ್ದು! …ನೋಡು, ನಿನಗೂ ನಗು ಬಂತು!

ಇವತ್ತು ಸಾಹೇಬರು ಬರೋಕೆ ಮುಂಚೆ ಹೋಗಿ ನೋಡ್ತೀನಿ… ಅತ್ತೆ! ನನ್ನ ಟೈರಿನ ಗುರುತು ತುಳ್ಕೊಂಡೇ ಹೋಗಿದೆ, ನಿಜವಾದ ಆಮೆ! ಎರಡೂ ಕಡೆ ಕಾಲು ಎಳೆದ ಗುರುತು, ನಡುವೆ ಹೊಟ್ಟೆ ಉಜ್ಜಿದ ಗೆರೆ, ಕೊನೆಗೆ ಎರಚಾಡಿದ ಹಸಿ ಮರಳು. ನೀನು ಹೇಳಿಕೊಟ್ಟ ಹಾಗೇ! ಈ ಬೇಸಿಗೇಲಿ ಆ ಕಡೆ ಬಂದ ಮೊದಲನೇ ತಾಯಿ.

ಆಮೇಲಾ? ಆಮೇಲೆ ಜೀಪು ಬಂತು. ಸಾಹೇಬರು ಕೈಯಲ್ಲೇ ಅಗೆದ್ರು, ಮೊಟ್ಟೆ ಸಿಕ್ತು, ಯಾರೂ ತುಳೀದಿರಲಿ ಅಂತ ಗೂಡಿನ ಮೇಲೆ ಪಂಜರ ಮುಚ್ಚಿದ್ರು. ಓರ್ಹುನ್ ಮುಖ ಹುಳಿ ದ್ರಾಕ್ಷಿ ತಿಂದ ಹಾಗಾಯ್ತು, ಕುರ್ಚಿ ಹೊತ್ಕೊಂಡು ಹಿಂದಕ್ಕೆ ಹೋದ. ಪ್ರವಾಸಿಗಳು ಚಪ್ಪಾಳೆ ತಟ್ಟಿದ್ರು! ಒಬ್ಬ ಜರ್ಮನ್ ಹೆಂಗಸು ಅತ್ತೇಬಿಟ್ಳು. ಮುಗೀತು.

…ಏನತ್ತೆ? ಖುಷಿ ಆಗಲಿಲ್ವಾ?

…ಬೈದ್ರೂ ಪರವಾಗಿಲ್ಲ.

…ಆ ಕಡೆ ಏನು ನೋಡ್ತೀಯ? ಹಿಪ್ಪುನೇರಳೆ ಮರದ ಕೆಳಗೆ ಏನಿದೆ… ಪಂಜರ. ಹೌದು. ಎಲ್ಲ ಅಲ್ಲೇ ಇವೆ, ನೀನು ಜೋಡಿಸಿಟ್ಟ ಹಾಗೇ. ನಿನ್ನ ಅಂಗಳ ಬಿಟ್ರೆ ಬೇರೆಲ್ಲೂ ಪಂಜರ ಇಲ್ಲ, ಗೊತ್ತು… ಸಾಹೇಬರು ಅವರದ್ದೇ ತಂದಿದ್ರು. ಹೊಸಾ ನಮೂನೆದು…

ಹಾಗೆ ನೋಡಬೇಡ ಅತ್ತೆ. ನಿಜ ಹೇಳ್ತೀನಿ.

ಜೀಪಿನ ಸದ್ದು ಕೇಳಿಸ್ತು. ಟೈರಿನ ಗುರುತು ಕಂಡ್ರೆ 'ಇದು ಯಾವ ಕಂಪನಿ ಆಮೆ?' ಅಂತಾನೆ ಓರ್ಹುನ್, ಮುಂದೆ ನಿನ್ನ ಮಾತನ್ನೂ ಯಾರೂ ನಂಬಲ್ಲ ಅನ್ನಿಸ್ತು. ಪೊರಕೆ ತಗೊಂಡೆ. ಎಣಿಸಿದ ಹೆಜ್ಜೆ ಮಾರನೇ ದಿನ ಮತ್ತೆ ಎಣಿಸಬಾರದು ಅಂತ ದಿನಾ ಗುಡಿಸಿಬಿಡ್ತೀವಲ್ಲ… ಹಾಗೇ ಗುಡಿಸಿದೆ. ನನ್ನದೂ. ಅವಳದೂ, ಆ ಎರಚಾಡಿದ ಮರಳೂ. ಸಾಹೇಬರು ಬಂದು ನೋಡಿದ್ರೆ ಬರೀ ಮರಳು. 'ಆಮೇನೂ ಇಲ್ಲ ಗೀಮೇನೂ ಇಲ್ಲ ಸಾಹೇಬ್ರೇ' ಅಂದ ಓರ್ಹುನ್. ನಾನು… ನಾನು ಪೊರಕೆ ಬೆನ್ನ ಹಿಂದೆ ಮುಚ್ಚಿಟ್ಕೊಂಡೆ. ಜೀಪು ಮರೆಯಾಗೋಷ್ಟರಲ್ಲಿ ಹೊಸ ಸಾಲು ಹಾಕಿಸಿಬಿಟ್ಟ. ಮಧ್ಯಾಹ್ನ ಕೊಡೆ ನೆಡಿಸ್ತಾನಂತೆ. ಕಬ್ಬಿಣದ ಕಂಬ, ಮೊಣಕೈಯುದ್ದ ಮರಳೊಳಗೆ, ಮೊಟ್ಟೆಗಳ ತನಕ ಹೋಗುತ್ತೆ.

…ಎಲ್ಲಿಗೆ ಏಳ್ತೀಯ? ಕಾಲು, ಅತ್ತೆ, ಕಾಲು! ಇರು, ಊರುಗೋಲು ಕೊಡ್ತೀನಿ… ಪಂಜರ ನಾನು ಹೊರ್ತೀನಿ, ಬಿಡು. ಆದ್ರೆ ಗೂಡು ಯಾವ ಕುರ್ಚಿ ಕೆಳಗೆ ಅಂತ ಮಾತ್ರ ಕೇಳಬೇಡ. ಆ ಒಗಟಿಗೆ ನನ್ನ ಹತ್ರಾನೂ ಉತ್ತರ ಇಲ್ಲ. ಚಪ್ಪಾಳೆ, ಜರ್ಮನ್ ಹೆಂಗಸು, ಅವಳ ಅಳು… ಆ ಕಥೆಯ ಕೊನೆ ಪೂರ್ತಿ ನಾನೇ ಕಟ್ಟಿದ್ದು ಅತ್ತೆ.