ಪೆಟ್ಟಿಗೆಯಲ್ಲಿ ಉಳಿದಿದ್ದ ನೀಲಿ ಬೆಲ್ಟ್

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಹಿರಿಯ ಎಂಜಿನಿಯರ್ ಅವರೇ, ಮುಖ್ಯ ಅತಿಥಿಗಳೇ, ಇವತ್ತೂ ಎತ್ತರದ ಜಾಗವೇ ಬೇಕೆಂದು ಬಾಲ್ಕನಿಯಲ್ಲಿ ಕೂತಿರುವ ಕ್ರೇನ್ ಆಪರೇಟರ್‌ಗಳೇ, ಊಟ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಮಸ್ತ ಸಭಿಕರೇ,

ಇಪ್ಪತ್ತಾರು ವರ್ಷ ನಮ್ಮ ಕಟ್ಟಡ ಕೆಲಸದ ಸ್ಟೋರ್ ನೋಡಿಕೊಂಡು ಇಂದು ನಿವೃತ್ತರಾಗುತ್ತಿರುವ ಕತ್ತರಿಯಕ್ಕನವರ ಬಗ್ಗೆ ನಾಲ್ಕು ಮಾತಾಡಲು ನನಗೆ ಹೇಳಿದ್ದಾರೆ. ಕೆಲಸದಲ್ಲಿ ನಾನು ಕ್ರೇನಿಗೆ ಹೊರೆ ಕಟ್ಟಿಸುವ ಮೇಸ್ತ್ರಿ, ಅವರು ಸ್ಟೋರಿನವರು. ಮನೆಯಲ್ಲಿ ಅವರು ನನ್ನ ಹೆಂಡತಿಯ ಅಕ್ಕ, ನನಗೆ ಅತ್ತಿಗೆ. ಹೀಗಾಗಿ ಎರಡೂ ಕಡೆ ನನ್ನ ಆಟ ನಡೆಯುವುದಿಲ್ಲ.

ಕತ್ತರಿಯಕ್ಕ ಎಂಬ ಹೆಸರು ಏಕೆ ಬಂತು? ಹೊಸಬರಿಗಾಗಿ ಹೇಳುತ್ತೇನೆ. ಹೊರೆಗೆ ಸುತ್ತಿ ಕ್ರೇನಿನ ಕೊಕ್ಕೆಗೆ ಸಿಕ್ಕಿಸುವ ಬೆಲ್ಟ್ ಇದೆಯಲ್ಲ, ಅದನ್ನು ಅವರು ದಿನಾ ಬೆಳಿಗ್ಗೆ ಬೆರಳಿನಿಂದ ಇಂಚಿಂಚೂ ಸವರಿ ನೋಡುತ್ತಾರೆ. ಅಂಚು ಹರಿದಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಅಲ್ಲೇ ಕತ್ತರಿ ತೆಗೆದು ಎರಡು ತುಂಡು ಮಾಡುತ್ತಾರೆ. "ಇಡಿಯಾಗಿ ಬಿದ್ದಿದ್ರೆ ಯಾರಾದ್ರೂ ಕಟ್ಟೇ ಕಟ್ತಾರೆ ಮೇಸ್ತ್ರಿ. ತುಂಡಾದ್ರೆ ಯಾರಿಗೂ ಆಸೆ ಹುಟ್ಟಲ್ಲ" ಅನ್ನುತ್ತಾರೆ. ಒಂದು ಭಾನುವಾರ ಊಟಕ್ಕೆ ಬಂದವರು ನಮ್ಮ ಮನೆಯ ಬಟ್ಟೆ ಒಣಗಿಸುವ ಹಗ್ಗ ಸವೆದಿದೆಯೆಂದು ಅದನ್ನೂ ಕತ್ತರಿಸಿದರು. ನನ್ನ ಒದ್ದೆ ಅಂಗಿಗಳು ಅದರ ಮೇಲೇ ಇದ್ದವು.

ನಗಿ, ನಗಿ. ಈಗ ಬರೆದುಕೊಂಡು ಬಂದ ಕಾಗದವನ್ನು ಜೇಬಿಗೆ ಹಾಕುತ್ತೇನೆ.

ನಾಳೆಯಿಂದ ಆ ಸ್ಟೋರಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ನನ್ನನ್ನು ಸೂಚಿಸಿದವರು ಅತ್ತಿಗೆಯೇ. "ಅವರ ಮಾತನ್ನ ಕಣ್ಮುಚ್ಚಿ ನಂಬಬಹುದು" ಅಂದರಂತೆ. ಅದು ಕಿವಿಗೆ ಬಿದ್ದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಒಂಬತ್ತು ವರ್ಷದ ಹಿಂದೆ, ಕಾಂಕ್ರೀಟ್ ಹಾಕುವ ದಿನ. ಮೂರನೇ ಮಹಡಿಗೆ ಕಬ್ಬಿಣದ ಸರಳು ಹೋಗಬೇಕು, ಹೊಸ ಬೆಲ್ಟುಗಳು ಇನ್ನೂ ಬಂದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಒಂದು ನೀಲಿ ಬೆಲ್ಟ್ ಇತ್ತು. ಕತ್ತರಿಗೆ ಸಿಗದಂತೆ ನಾನೇ ಅಡಗಿಸಿಟ್ಟದ್ದು. ಅದನ್ನೇ ಸರಳಿಗೆ ಕಟ್ಟಿದೆ. ಅತ್ತಿಗೆ ಸ್ಟೋರಿನ ಬಾಗಿಲಿಂದಲೇ ಕೂಗಿ ಕೇಳಿದರು: "ಬೆಲ್ಟು ಸರಿಯಿದ್ಯಾ?" ನಾನು "ಸರಿಯಿದೆ" ಅಂದೆ. ಅವರು ನಂಬಿ ಒಳಗೆ ಹೋದರು. ಸರಳಿನ ಕಟ್ಟು ಮೇಲೆದ್ದು, ಗಾಳಿಗೆ ತಿರುಗಿ, ಆ ಸ್ಟೋರಿನ ತಗಡಿನ ಮೇಲೇ ಹಾಯ್ದು ಹೋಯಿತು. ಒಳಗೆ ಅತ್ತಿಗೆ ಕೂತಿದ್ದರು.

ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ನಾನು ಬೀಗಿದೆ. ಸಂಜೆ ಬೆಲ್ಟನ್ನು ಪೆಟ್ಟಿಗೆಗೆ ಹಾಕುವಾಗ ಸುಮ್ಮನೆ ಅವರಂತೆ ಬೆರಳಿನಿಂದ ಸವರಿದೆ. ಅರ್ಧ ಅಗಲ ಹರಿದುಹೋಗಿತ್ತು. ತಲೆಯೆತ್ತಿ ಆ ಸ್ಟೋರಿನ ತಗಡನ್ನು ನೋಡಿದೆ.

ಆಮೇಲೆ ಅದನ್ನು ಏನು ಮಾಡಬೇಕಿತ್ತು, ನೀವೇ ಹೇಳಿ. ಎಸೆದರೆ ಯಾರಾದರೂ ಕಟ್ಟುತ್ತಾರೆ. ಅತ್ತಿಗೆಗೆ ಕೊಟ್ಟರೆ ನನ್ನ ಸುಳ್ಳು ಹೊರಬೀಳುತ್ತದೆ. ಗುಟ್ಟಾಗಿ ಕತ್ತರಿಸಲು ಹೋದೆ, ಕೈ ಬರಲಿಲ್ಲ. ತಪ್ಪನ್ನು ಹೂತುಹಾಕಿದಂತೆ ಅನ್ನಿಸಿತು. ಒಂಬತ್ತು ವರ್ಷ ಪೆಟ್ಟಿಗೆ ತೆರೆದಾಗಲೆಲ್ಲ ಅದು ನನ್ನನ್ನೇ ನೋಡುತ್ತಿತ್ತು.

ಇಗೋ, ಇದೇ ಆ ಬೆಲ್ಟ್. ಅತ್ತಿಗೆ, ಅವತ್ತು ನಾನು ನಿಮಗೆ ಸುಳ್ಳು ಹೇಳಿದೆ. ನನ್ನಿಂದ ತಪ್ಪಾಯಿತು. ಅಧ್ಯಕ್ಷರೇ, ಬೀಗದ ಕೈ ಬೇರೆಯವರಿಗೆ ಕೊಡುವುದಾದರೆ ನನ್ನ ತಕರಾರಿಲ್ಲ. ಆದರೆ ಅತ್ತಿಗೆ, ಹೋಗುವ ಮುಂಚೆ ಇದೊಂದನ್ನು ಕತ್ತರಿಸಿ ಹೋಗಿ.

ಕತ್ತರಿ ಚೀಲದಲ್ಲೇ ಇದೆಯೇ? ನನಗೆ ಗೊತ್ತಿತ್ತು, ನಿವೃತ್ತಿಯ ದಿನವೂ ಬಿಟ್ಟು ಬಂದಿರುವುದಿಲ್ಲ.

ಏನು ಅತ್ತಿಗೆ, ಕತ್ತರಿಯನ್ನು ನನ್ನ ಕೈಗೇ ಕೊಡುತ್ತಿದ್ದೀರಾ? ಬೀಗದ ಕೈಯನ್ನೂ ಜೊತೆಗೇ ಕಟ್ಟಿದ್ದೀರಲ್ಲ.

ಸ್ವಲ್ಪ ತಡೆಯಿರಿ ಸಭಿಕರೇ, ಹರಿದರೂ ಗಟ್ಟಿ ಮಾಲು, ಬೇಗ ತುಂಡಾಗುವುದಿಲ್ಲ. ಚಪ್ಪಾಳೆ ಆಮೇಲೆ ತಟ್ಟಿ. ಅತ್ತಿಗೆ, ನೀವು ಅಳಬೇಡಿ, ನನಗೆ ಕತ್ತರಿಸುವ ಜಾಗವೇ ಕಾಣುತ್ತಿಲ್ಲ.

ಆಯಿತು.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಎರಡು ಕೈಯಲ್ಲಿ ಎರಡು ತುಂಡು ಇರುವುದರಿಂದ ಕೈ ಮುಗಿಯಲು ಆಗುತ್ತಿಲ್ಲ. ಬಾಯಲ್ಲೇ ಹೇಳುತ್ತೇನೆ, ನಮಸ್ಕಾರ.